ದೆಹಲಿ ರಜೆಯ ಮೊದಲ ದಿನ ಹೌಜ್ ಖಾಸ್‌ಗೆ ಇರಲಿ

ಮಕ್ಕಳನ್ನು ಕರೆದುಕೊಂಡು ದೆಹಲಿಗೆ ಹೊರಟ ಮನೆಯಲ್ಲಿ ಎರಡು ಪಟ್ಟಿ ಇರುತ್ತವೆ. ದೊಡ್ಡವರ ಪಟ್ಟಿಯಲ್ಲಿ ಕೆಂಪುಕೋಟೆ, ಕುತುಬ್ ಮಿನಾರ್, ಇಂಡಿಯಾ ಗೇಟ್. ಮಕ್ಕಳ ಪಟ್ಟಿಯಲ್ಲಿ ರೋಲರ್ ಕೋಸ್ಟರ್, ವಾಟರ್ ಪಾರ್ಕ್. ಮಕ್ಕಳ ಹಟಕ್ಕೆ ಮಣಿದು ಊರು ಮುಟ್ಟಿದ ದಿನವೇ ಥೀಮ್ ಪಾರ್ಕ್‌ಗೆ ಹೊರಡುವವರು ಕಡಿಮೆಯಿಲ್ಲ. ನಮ್ಮ ಸಲಹೆ ಬೇರೆ. ಥೀಮ್ ಪಾರ್ಕನ್ನು ಎರಡನೆಯ ದಿನಕ್ಕೆ ಇಟ್ಟುಕೊಳ್ಳಿ. ಮೊದಲ ದಿನವನ್ನು ದಕ್ಷಿಣ ದೆಹಲಿಯ ಹೌಜ್ ಖಾಸ್‌ನಲ್ಲಿ ಕಳೆಯಿರಿ.

ಇದು ಬರೀ ಲೆಕ್ಕಾಚಾರದ ಮಾತು. ಥೀಮ್ ಪಾರ್ಕ್‌ನ ಟಿಕೆಟ್ ಇಡೀ ದಿನಕ್ಕೆ ಕೊಳ್ಳುವಂಥದ್ದು. ಬಾಗಿಲು ತೆರೆಯುವ ಹೊತ್ತಿಗೆ ಒಳಹೊಕ್ಕು ಮುಚ್ಚುವವರೆಗೆ ಆಡಿದರೆ ಮಾತ್ರ ಕೊಟ್ಟ ದುಡ್ಡು ದಕ್ಕುತ್ತದೆ. ರೈಲಿನಲ್ಲಿ ಎರಡು ರಾತ್ರಿ ಮಲಗಿ ಬಂದ ಮಗುವಾಗಲಿ, ನಸುಕಿನ ವಿಮಾನಕ್ಕೆಂದು ಮೂರು ಗಂಟೆಗೇ ಎದ್ದ ಮಗುವಾಗಲಿ, ಮಧ್ಯಾಹ್ನ ಎರಡರ ಹೊತ್ತಿಗೆ ಅಪ್ಪನ ಹೆಗಲ ಮೇಲೆ ನಿದ್ದೆ ಹೋಗುತ್ತದೆ. ಹೌಜ್ ಖಾಸ್‌ನಲ್ಲಿ ಆ ನಷ್ಟದ ಭಯವಿಲ್ಲ. ಓಡಲು ಉದ್ಯಾನವಿದೆ, ಹತ್ತಿ ಇಳಿಯಲು ಆರೂವರೆ ಶತಮಾನ ಹಳೆಯ ಕಟ್ಟಡವಿದೆ, ಕೂರಲು ಕೆರೆಯ ದಂಡೆಯಿದೆ. ಸುಸ್ತಾದರೆ ಅರ್ಧಕ್ಕೇ ಬಿಟ್ಟು ಕೋಣೆಗೆ ಮರಳಬಹುದು. ಮೇಲಾಗಿ ಮೆಟ್ರೋದ ಹಳದಿ ಮಾರ್ಗ ಮತ್ತು ಮೆಜೆಂಟಾ ಮಾರ್ಗ ಕೂಡುವುದು ಇಲ್ಲೇ. ಹೌಜ್ ಖಾಸ್ ಅಥವಾ ಪಕ್ಕದ ಗ್ರೀನ್ ಪಾರ್ಕ್‌ನಲ್ಲಿ ಉಳಿದುಕೊಂಡರೆ ಮರುದಿನ ಥೀಮ್ ಪಾರ್ಕ್‌ಗೆ ಹೋಗುವ ದಾರಿಯೂ ಸಲೀಸು.

ತಲುಪುವ ದಾರಿ

ವಿಮಾನದಲ್ಲಿ ಬರುವವರು ಟಿಕೆಟ್‌ನಲ್ಲಿ ಟರ್ಮಿನಲ್ ಸಂಖ್ಯೆಯನ್ನು ಮೊದಲೇ ನೋಡಿಕೊಳ್ಳಿ. ಟರ್ಮಿನಲ್ 1 ಆದರೆ ಕೆಲಸ ಹಗುರ. ಅಲ್ಲಿಂದಲೇ ಮೆಜೆಂಟಾ ಮಾರ್ಗದ ಮೆಟ್ರೋ ಹತ್ತಿದರೆ ಮುಂದಿನ ಆರನೆಯ ನಿಲ್ದಾಣ ಹೌಜ್ ಖಾಸ್, ಎಲ್ಲೂ ಬದಲಾಯಿಸಬೇಕಿಲ್ಲ. ಟರ್ಮಿನಲ್ 3ರಿಂದಾದರೆ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಹಿಡಿದು ನ್ಯೂ ಡೆಲ್ಲಿ ನಿಲ್ದಾಣಕ್ಕೆ ಹೋಗಿ, ಅಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಬೇಕು. ಇದು ಸುತ್ತು. ದೊಡ್ಡ ಸೂಟ್‌ಕೇಸ್‌ಗಳಿದ್ದರೆ, ಜೊತೆಗೆ ಅಜ್ಜ ಅಜ್ಜಿ ಇದ್ದರೆ, ಟ್ಯಾಕ್ಸಿಯೇ ಮೇಲು.

ರೈಲಿನವರಿಗೆ ನಿಲ್ದಾಣ ಎರಡು. ಬೆಂಗಳೂರಿನಿಂದ ಹೊರಡುವ ಕರ್ನಾಟಕ ಎಕ್ಸ್‌ಪ್ರೆಸ್ ನ್ಯೂ ಡೆಲ್ಲಿಗೆ ಹೋಗುತ್ತದೆ. ಅಲ್ಲಿಂದ ಹಳದಿ ಮಾರ್ಗದಲ್ಲಿ ಕೂತರೆ ನೇರ ಹೌಜ್ ಖಾಸ್. ಬೆಂಗಳೂರು ರಾಜಧಾನಿ, ಮಂಗಳೂರಿನ ಮೇಲೆ ಹಾದು ಬರುವ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್, ಬೆಳಗಾವಿಯವರು ಹತ್ತುವ ಗೋವಾ ಎಕ್ಸ್‌ಪ್ರೆಸ್ ಇವೆಲ್ಲ ಹಜರತ್ ನಿಜಾಮುದ್ದೀನ್‌ನಲ್ಲಿ ನಿಲ್ಲುತ್ತವೆ. ನಿಜಾಮುದ್ದೀನ್‌ನಿಂದ ಗುಲಾಬಿ ಮಾರ್ಗದಲ್ಲಿ ದಿಲ್ಲಿ ಹಾಟ್–ಐಎನ್ಎವರೆಗೆ ಬಂದು, ಹಳದಿ ಮಾರ್ಗಕ್ಕೆ ಬದಲಾಯಿಸಿದರೆ ಮೂರನೆಯ ನಿಲ್ದಾಣ ನಿಮ್ಮದು.

ಮೆಟ್ರೋದಲ್ಲಿ 90 ಸೆಂಟಿಮೀಟರ್‌ಗಿಂತ ಕುಳ್ಳಗಿರುವ ಮಕ್ಕಳಿಗೆ ಟಿಕೆಟ್ ಬೇಡ. ಮೊದಲ ಬೋಗಿ ಹೆಂಗಸರಿಗೆ ಮೀಸಲು. ಗಂಡಸರು ಗಡಿಬಿಡಿಯಲ್ಲಿ ಅಲ್ಲಿ ಹತ್ತಿ ದಂಡ ತೆರಬೇಡಿ. ಮೂರು ನಾಲ್ಕು ದಿನ ಉಳಿಯುವವರು ಸ್ಮಾರ್ಟ್ ಕಾರ್ಡ್ ಮಾಡಿಸಿಕೊಂಡರೆ ಸಾಲು ತಪ್ಪುತ್ತದೆ, ದರದಲ್ಲಿ ರಿಯಾಯಿತಿಯೂ ಸಿಗುತ್ತದೆ. ಹೌಜ್ ಖಾಸ್‌ನ ಮೆಜೆಂಟಾ ಪ್ಲಾಟ್‌ಫಾರ್ಮ್ ನೆಲದಿಂದ ಸುಮಾರು 29 ಮೀಟರ್ ಆಳದಲ್ಲಿದೆ. ಒಂದರ ಮೇಲೊಂದು ಬರುವ ಎಸ್ಕಲೇಟರ್‌ಗಳು ಮಕ್ಕಳಿಗೆ ಆ ದಿನದ ಮೊದಲ ಸವಾರಿಯೇ ಸರಿ. ಕೈ ಮಾತ್ರ ಬಿಡಬೇಡಿ.

ಒಂದು ಎಚ್ಚರಿಕೆ. ಹೌಜ್ ಖಾಸ್ ಹೆಸರಿನಲ್ಲಿ ಮೆಟ್ರೋ ನಿಲ್ದಾಣ, ಮಾರುಕಟ್ಟೆ, ಎನ್‌ಕ್ಲೇವ್, ವಿಲೇಜ್ ಎಲ್ಲ ಬೇರೆ ಬೇರೆ ಇವೆ. ಕೆರೆ ಮತ್ತು ಸ್ಮಾರಕ ಇರುವುದು ವಿಲೇಜ್‌ನ ತುದಿಯಲ್ಲಿ, ಮೆಟ್ರೋದಿಂದ ನಡೆದು ಹೋಗಲು ಮಕ್ಕಳಿಗೆ ದೂರವೇ. ಹೌಜ್ ಖಾಸ್ ಅಥವಾ ಗ್ರೀನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿಯಿರಿ. ಚಾಲಕನಿಗೆ ‘ಹೌಜ್ ಖಾಸ್ ವಿಲೇಜ್, ಡಿಯರ್ ಪಾರ್ಕ್ ಗೇಟ್’ ಎಂದು ಬಿಡಿಸಿ ಹೇಳಿ. ‘ಮೀಟರ್ ಸೇ ಚಲೇಂಗೇ?’ ಎಂದು ಕೇಳಿ ನೋಡಿ. ಒಪ್ಪದಿದ್ದರೆ ಫೋನಿನ ಆ್ಯಪ್‌ನಲ್ಲಿ ಕರೆಸಿಕೊಳ್ಳುವುದೇ ನೆಮ್ಮದಿ.

ಬಹುತೇಕ ಹೋಟೆಲು, ಅತಿಥಿಗೃಹಗಳು ಕೋಣೆ ಬಿಟ್ಟುಕೊಡುವುದು ಮಧ್ಯಾಹ್ನದ ಹೊತ್ತಿಗೆ. ಬೇಗ ತಲುಪಿದವರು ಚೀಲಗಳನ್ನು ರಿಸೆಪ್ಷನ್‌ನಲ್ಲಿ ಇಟ್ಟು, ಮುಖ ತೊಳೆದು, ಬಟ್ಟೆ ಬದಲಿಸಿ ಹೊರಡಬಹುದು. ಬುಕ್ ಮಾಡುವಾಗಲೇ ಈ ಮಾತು ಕೇಳಿಟ್ಟುಕೊಳ್ಳಿ.

ಬೆಳಗ್ಗೆ: ಡಿಯರ್ ಪಾರ್ಕ್

ಮೊದಲ ನಿಲುಗಡೆ ಎ.ಎನ್. ಝಾ ಡಿಯರ್ ಪಾರ್ಕ್. 1966ರಲ್ಲಿ ದೆಹಲಿಯ ಮೊದಲ ಲೆಫ್ಟಿನೆಂಟ್ ಗವರ್ನರ್ ಆದ ಆದಿತ್ಯನಾಥ ಝಾ ಅವರ ಹೆಸರಿನ ಉದ್ಯಾನ ಇದು. ಬೆಳಗಿನ ಜಾವದಿಂದಲೇ ವಾಕಿಂಗ್‌ನವರು, ಯೋಗದವರು, ನಗೆಕೂಟದವರು ಸೇರುತ್ತಾರೆ. ಹೆಬ್ಬಾಗಿಲಿನಿಂದ ಒಳಗೆ ಬಂದರೆ ನೆರಳಿನ ಕಾಲುದಾರಿಗಳು, ನವಿಲುಗಳ ಕೂಗು, ಮಕ್ಕಳು ಎಷ್ಟು ಓಡಿದರೂ ಮುಗಿಯದ ಹುಲ್ಲುಹಾಸು.

ಜಿಂಕೆಗಳ ವಿಷಯದಲ್ಲಿ ಮಾತ್ರ ಮಕ್ಕಳಿಗೆ ದೊಡ್ಡ ಆಸೆ ಹುಟ್ಟಿಸಬೇಡಿ. 1960ರ ದಶಕದಲ್ಲಿ ಬೆರಳೆಣಿಕೆಯ ಚುಕ್ಕೆ ಜಿಂಕೆಗಳಿಂದ ಶುರುವಾದ ಹಿಂಡು ಬೇಲಿಯೊಳಗೇ ನೂರಾರಕ್ಕೆ ಬೆಳೆಯಿತು. ಜಾಗ ಸಾಲದು, ಒಂದೇ ರಕ್ತದಲ್ಲಿ ಸಂತಾನ ಬೆಳೆಯುತ್ತಿದೆ ಎಂಬ ಕಾರಣಕ್ಕೆ 2023ರಲ್ಲಿ ಕೇಂದ್ರೀಯ ಮೃಗಾಲಯ ಪ್ರಾಧಿಕಾರ ಇಲ್ಲಿನ ಕಿರು ಮೃಗಾಲಯದ ಮಾನ್ಯತೆ ರದ್ದುಮಾಡಿತು. ಜಿಂಕೆಗಳನ್ನು ರಾಜಸ್ಥಾನದ ಕಾಡುಗಳಿಗೆ ಸಾಗಿಸುವ ಕೆಲಸ ಆರಂಭವಾಯಿತು, ವಿಷಯ ನ್ಯಾಯಾಲಯಕ್ಕೂ ಹೋಯಿತು. ಬೇಲಿಯಾಚೆ ಕಂಡಷ್ಟು ಕಾಣಲಿ. ಬಿಸ್ಕತ್ತು, ಬ್ರೆಡ್ಡು ಎಸೆಯಲು ಬಿಡಬೇಡಿ; ಅದು ಅವಕ್ಕೆ ಒಗ್ಗದ ಆಹಾರ.

ಜಿಂಕೆ ಕಾಣದಿದ್ದರೂ ಇಲ್ಲಿ ನೋಡಲು ಬೇರೆಯದಿದೆ. ಉದ್ಯಾನದ ಮರಗಳ ನಡುವೆ ಹಳೆಯ ಗುಮ್ಮಟಗಳು ನಿಂತಿವೆ. ಎಲ್ಲಕ್ಕಿಂತ ದೊಡ್ಡದು ಬಾಗ್–ಎ–ಆಲಂ ಕಾ ಗುಂಬದ್, 1501ರಲ್ಲಿ ಸಿಕಂದರ್ ಲೋದಿಯ ಕಾಲದಲ್ಲಿ ಕಟ್ಟಿದ ಸಮಾಧಿ. ಹೊರಗಿನಿಂದ ಮೂರು ಅಂತಸ್ತು ಇರುವಂತೆ ಕಾಣುತ್ತದೆ, ಒಳಗೆ ಹೋದರೆ ಒಂದೇ ಎತ್ತರದ ಕೋಣೆ. ಕಾಲಿ ಗುಮ್ಟಿ, ತೋಹ್ಫೇವಾಲಾ ಗುಂಬದ್ ಎಂಬ ಇನ್ನೆರಡನ್ನು ಮಕ್ಕಳೇ ಹುಡುಕಿ ತೋರಿಸಲಿ. ಟಿಕೆಟ್ ಇಲ್ಲದ, ಸಾಲಿಲ್ಲದ ಆಟ.

ತಿಂಡಿಯನ್ನು ಇಲ್ಲೇ ಹುಲ್ಲಿನ ಮೇಲೆ ಮುಗಿಸಬಹುದು. ರೈಲಿಗೆಂದು ಕಟ್ಟಿಕೊಂಡು ಬಂದ ಚಪಾತಿ, ಚಟ್ನಿಪುಡಿ, ಕೋಡುಬಳೆ ಉಳಿದಿದ್ದರೆ ಅದಕ್ಕೆ ಇದೇ ಸಮಯ. ಬೀದಿನಾಯಿಗಳು ಹತ್ತಿರ ಬರುತ್ತವೆ. ಡಬ್ಬಿ ಮುಚ್ಚಿಟ್ಟುಕೊಂಡು ತಿನ್ನಿ.

ಹತ್ತರ ಸುಮಾರಿಗೆ: ಕೆರೆ ಮತ್ತು ಮದರಸಾ

ಉದ್ಯಾನದಿಂದ ಹೊರಬಂದು ವಿಲೇಜ್‌ನ ರಸ್ತೆಯ ಕೊನೆಯವರೆಗೂ ನಡೆದರೆ ಪುರಾತತ್ತ್ವ ಇಲಾಖೆಯ ಸ್ಮಾರಕದ ಬಾಗಿಲು. ಭಾರತೀಯರಿಗೆ ಟಿಕೆಟ್ 25 ರೂಪಾಯಿ, 15 ವರ್ಷದೊಳಗಿನವರಿಗೆ ಉಚಿತ. ಬಾಗಿಲ ಬಳಿಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಫೋನಿನಲ್ಲೇ ಟಿಕೆಟ್ ಬರುತ್ತದೆ. ಒಳಗೆ ತಿಂಡಿತೀರ್ಥ ಸಿಗುವುದಿಲ್ಲ. ನೀರಿನ ಬಾಟಲಿ ತುಂಬಿಕೊಂಡು, ಮಕ್ಕಳನ್ನು ಶೌಚಾಲಯಕ್ಕೆ ಕರೆದೊಯ್ದು ಆಮೇಲೆ ಒಳಗೆ ಹೋಗಿ.

ಇತಿಹಾಸವನ್ನು ಮಕ್ಕಳಿಗೆ ಹೇಳುವಾಗ ದೆಹಲಿಯ ಸುಲ್ತಾನರ ವಂಶಾವಳಿಯಿಂದ ಆರಂಭಿಸಿದರೆ ಎರಡು ನಿಮಿಷದಲ್ಲಿ ಆಕಳಿಕೆ ಬರುತ್ತದೆ. ನಮ್ಮ ಕಡೆಯಿಂದ ಆರಂಭಿಸಿ. ಕೆಳಗೆ ಕಾಣುವ ಕೆರೆಯನ್ನು ಮೊದಲು ತೋಡಿಸಿದವನು ಅಲಾವುದ್ದೀನ್ ಖಿಲ್ಜಿ. 1311ರಲ್ಲಿ ಮಲಿಕ್ ಕಾಫೂರ್ ಹೊಯ್ಸಳರ ದ್ವಾರಸಮುದ್ರದ ಮೇಲೆ, ಅಂದರೆ ಇಂದಿನ ಹಳೇಬೀಡಿನ ಮೇಲೆ, ದಂಡೆತ್ತಿ ಬಂದದ್ದು ಇದೇ ಖಿಲ್ಜಿಯ ಸೇನಾಪತಿಯಾಗಿ. ಸಿರಿ ಎಂಬ ತನ್ನ ಹೊಸ ರಾಜಧಾನಿಗೆ ನೀರು ಬೇಕೆಂದು ಖಿಲ್ಜಿ ತೋಡಿಸಿದ ಕೆರೆ ಆಗ ಸುಮಾರು 50 ಹೆಕ್ಟೇರ್ ಇತ್ತು. ಈಗ ಉಳಿದಿರುವುದು ಅದರ ಒಂದು ಭಾಗವಷ್ಟೇ.

ಕೆರೆ ಹೂಳು ತುಂಬಿ ಕೆಟ್ಟಿತು. ಫಿರೋಜ್ ಶಾ ತುಘಲಕ್ ಹೂಳೆತ್ತಿಸಿ, 1352ರಲ್ಲಿ ಅದರ ಎರಡು ದಂಡೆಗಳ ಮೇಲೆ ಮದರಸಾ ಕಟ್ಟಿಸಿದ. ನೀವು ನಿಂತಿರುವುದು ಆ ವಿದ್ಯಾಲಯದ ಮೇಲಂತಸ್ತಿನಲ್ಲಿ. ಬೀದರಿನ ಮಹಮೂದ್ ಗವಾನನ ಮದರಸಾ ನೋಡಿದ ಮಕ್ಕಳಿದ್ದರೆ, ಅದು 1472ರದ್ದು, ಇದು ಅದಕ್ಕಿಂತ 120 ವರ್ಷ ಹಿರಿಯದು ಎಂದು ಹೇಳಿ. ಮೆಟ್ಟಿಲಿಳಿದು ಕೆಳಗೆ ಹೋದರೆ ಸಣ್ಣ ಸಣ್ಣ ಕೋಣೆಗಳು ಸಾಲಾಗಿವೆ. ವಿದ್ಯಾರ್ಥಿಗಳು ಓದಿಕೊಂಡು ಬಾಳಿದ ಜಾಗ ಇದು. ಆಗಿನ ಹಾಸ್ಟೆಲ್ ಎಂದರೆ ಮಕ್ಕಳಿಗೆ ತಟ್ಟನೆ ಅರ್ಥವಾಗುತ್ತದೆ.

ಎರಡು ಕಟ್ಟಡಗಳು ಕೂಡುವ ಮೂಲೆಯಲ್ಲಿ ಎತ್ತರದ ಗುಮ್ಮಟದ ಕೆಳಗೆ ಫಿರೋಜ್ ಶಾನ ಸಮಾಧಿ ಇದೆ. ಅವನು ತೀರಿಕೊಂಡದ್ದು 1388ರಲ್ಲಿ. ಬಾಗಿಲ ಮುಂದಿನ ಕಲ್ಲಿನ ಕಟಕಟೆಯನ್ನು ಗಮನಿಸಿ. ಸಾಂಚಿಯ ಸ್ತೂಪದ ಸುತ್ತಲಿನ ಬೇಲಿಯನ್ನು ನೆನಪಿಸುವ ವಿನ್ಯಾಸ ಅದು. ಒಳಗೆ ಹೋಗಿ ತಲೆಯೆತ್ತಿದರೆ ಗುಮ್ಮಟದ ನಡುವೆ ಬಣ್ಣದ ಚಿತ್ತಾರ. ಅವನು ಹೋಗಿ ಹತ್ತು ವರ್ಷಕ್ಕೆ, 1398ರಲ್ಲಿ, ದೆಹಲಿಯನ್ನು ಗೆದ್ದ ತೈಮೂರ್ ಇದೇ ಕೆರೆಯ ಬಳಿ ಬೀಡುಬಿಟ್ಟಿದ್ದ. ತೈಮೂರನ ದಾಳಿಯ ಕಾಲದಲ್ಲೇ ದೆಹಲಿ ಬಿಟ್ಟು ದಕ್ಷಿಣಕ್ಕೆ ಹೊರಟ ಸೂಫಿ ಸಂತ ಖ್ವಾಜಾ ಬಂದೇ ನವಾಜ್ ಕೊನೆಗೆ ನೆಲೆಸಿದ್ದು ಕಲಬುರಗಿಯಲ್ಲಿ. ಕಲಬುರಗಿಯ ದರ್ಗಾದ ಕತೆಯ ಒಂದು ಎಳೆ ಹೀಗೆ ಈ ದಂಡೆಗೂ ತಾಗುತ್ತದೆ.

ಅಂಗಳದಲ್ಲಿ ಕಂಬಗಳ ಮೇಲೆ ನಿಂತ ಆರು ಗುಮ್ಮಟ ಮಂಟಪಗಳಿವೆ. ನೆರಳಿಗೆ, ಫೋಟೋಗೆ, ಮಕ್ಕಳ ಕಣ್ಣಾಮುಚ್ಚಾಲೆಗೆ ಒಳ್ಳೆಯ ಜಾಗ. ಆದರೆ ಕೆರೆಯ ಕಡೆಯ ಮೇಲ್ಮಹಡಿಯ ಅಂಚಿಗೆ ಕೆಲವೆಡೆ ತಡೆಗೋಡೆಯೇ ಇಲ್ಲ; ಕಡಿದಾದ ಇಳಿತ. ಮೆಟ್ಟಿಲುಗಳೂ ಕಿರಿದು, ಸವೆದು ನುಣುಪಾಗಿವೆ. ಸೆಲ್ಫಿಗಾಗಿ ಹಿಂದೆ ಹಿಂದೆ ಹೆಜ್ಜೆ ಇಡುವ ದೊಡ್ಡವರಿಗೂ ಈ ಮಾತು ಅನ್ವಯ. ಐದು ವರ್ಷದೊಳಗಿನ ಮಗುವಿಗೆ ಒಬ್ಬರು ಕಾವಲಿರಲೇಬೇಕು. ಮಂಡಿನೋವಿನ ಹಿರಿಯರು ಮೇಲಿನ ಅಂಗಳದಲ್ಲೇ ಕೂತರೂ ನೋಟ ತಪ್ಪುವುದಿಲ್ಲ.

ಕೆರೆಯ ನೀರನ್ನು ಮುಟ್ಟಲು ಬಿಡಬೇಡಿ. ಒಣಗಿ ಬತ್ತಿದ್ದ ಕೆರೆಗೆ ಸಂಸ್ಕರಿಸಿದ ತ್ಯಾಜ್ಯ ನೀರನ್ನು ಹರಿಸಿ ಮತ್ತೆ ಜೀವ ತುಂಬಿದ್ದು 2000ದ ನಂತರ. ಬೇಸಿಗೆಯಲ್ಲಿ ಪಾಚಿ ಕಟ್ಟಿ ನೀರು ದಟ್ಟ ಹಸಿರಾಗುತ್ತದೆ, ವಾಸನೆಯೂ ಬರುತ್ತದೆ. ಚಳಿಗಾಲದಲ್ಲಿ ಬಾತುಗಳು ತೇಲುವಾಗ ನೋಡಲು ಚೆಂದ.

ಮಧ್ಯಾಹ್ನ: ಊಟ, ಆಮೇಲೆ ನಿದ್ದೆ

ವಿಲೇಜ್‌ನ ಓಣಿಗಳು 1980ರ ದಶಕದಲ್ಲಿ ಬಟ್ಟೆ ವಿನ್ಯಾಸಕರ ಅಂಗಡಿಗಳಿಂದ ಹೆಸರಾದವು. ಈಗ ಕೆಫೆ, ಗ್ಯಾಲರಿ, ಬಾರುಗಳು ತುಂಬಿವೆ. ಮಧ್ಯಾಹ್ನದ ಹೊತ್ತು ಮನೆಮಂದಿ ಹೋಗಿ ಕೂರಲು ಅಡ್ಡಿಯಿಲ್ಲ. ದಕ್ಷಿಣದ ಊಟ–ತಿಂಡಿಗೆ ಇಲ್ಲಿ ಬಹುಕಾಲದಿಂದ ಹೆಸರಾದದ್ದು ನೈವೇದ್ಯಂ. ಉತ್ತರದ ರುಚಿ ನೋಡಬೇಕೆನ್ನುವವರು ಗ್ರೀನ್ ಪಾರ್ಕ್ ಮಾರುಕಟ್ಟೆಯ ಎವರ್‌ಗ್ರೀನ್ ಸ್ವೀಟ್ ಹೌಸ್‌ಗೆ ಹೋಗಿ ಛೋಲೆ ಭಟೂರೆ, ಚಾಟ್ ತಿನ್ನಬಹುದು. ಮೊದಲ ದಿನವೇ ಮಕ್ಕಳಿಗೆ ಎಣ್ಣೆಯದ್ದು, ಖಾರದ್ದು ಬೇಡ ಎನ್ನುವವರಿಗೆ ಮೊಸರನ್ನವೇ ಗತಿ ಎಂದು ಕೊರಗಬೇಕಿಲ್ಲ: ರಾಮಕೃಷ್ಣಪುರಂ ಸೆಕ್ಟರ್ 12ರ ರಾವ್ ತುಲಾರಾಮ್ ಮಾರ್ಗದಲ್ಲಿ ದೆಹಲಿ ಕರ್ನಾಟಕ ಸಂಘದ ಕಟ್ಟಡವಿದೆ, ಅಲ್ಲೇ ಕರ್ನಾಟಕ ಫುಡ್ ಸೆಂಟರ್ ಇದೆ. ಹೌಜ್ ಖಾಸ್‌ನಿಂದ ಆಟೋದಲ್ಲಿ ಹೋಗುವಷ್ಟು ದೂರ. ಅಕ್ಕಪಕ್ಕದ ಮೇಜಿನಿಂದ ಕನ್ನಡ ಕೇಳಿಬಂದರೆ ದೆಹಲಿಯಲ್ಲಿ ಬಾಳುವವರ ಹತ್ತಿರವೇ ನಾಲ್ಕು ಸಲಹೆ ಕೇಳಿಕೊಳ್ಳಿ.

ಊಟವಾದ ಮೇಲೆ ಕೋಣೆಗೆ ಹೋಗಿ ಮಲಗಿ. ಪ್ರವಾಸದಲ್ಲಿ ಹಗಲು ನಿದ್ದೆ ವ್ಯರ್ಥವೆಂದು ಅನಿಸಬಹುದು. ಮರುದಿನ ಸವಾರಿಗಳ ಮುಂದೆ ತಾಸುಗಟ್ಟಲೆ ನಿಲ್ಲುವ ಕಾಲಿಗೆ ಬೇಕಾದ ಕಸುವು ಸಿಗುವುದು ಈ ಎರಡು ತಾಸಿನಲ್ಲಿ.

ಮಧ್ಯಾಹ್ನವೇ ದೆಹಲಿ ತಲುಪುವವರು ಕ್ರಮವನ್ನು ತಿರುಗಿಸಿಕೊಳ್ಳಿ: ಮೊದಲು ಊಟ ಮತ್ತು ವಿಶ್ರಾಂತಿ, ನಾಲ್ಕಕ್ಕೆ ಮದರಸಾ, ಸೂರ್ಯ ಇಳಿಯುವ ಹೊತ್ತಿಗೆ ಉದ್ಯಾನ. ಡಿಸೆಂಬರಿನಲ್ಲಿ ಐದೂವರೆಗೆಲ್ಲ ಕತ್ತಲಾಗುತ್ತದೆ ಎಂಬುದು ನೆನಪಿರಲಿ.

ಸಂಜೆ: ಚೋರ್ ಮಿನಾರ್ ಅಥವಾ ದಿಲ್ಲಿ ಹಾಟ್

ಸಂಜೆ ಆರರ ಮೇಲೆ ವಿಲೇಜ್‌ನ ಚಹರೆ ಬದಲಾಗುತ್ತದೆ. ಬಾರುಗಳ ಸಂಗೀತ, ವಾಹನಗಳ ಸಾಲು, ವಾರಾಂತ್ಯದಲ್ಲಂತೂ ಕಾಲಿಡಲು ಜಾಗವಿರುವುದಿಲ್ಲ. ಮಕ್ಕಳೊಂದಿಗೆ ಅಷ್ಟರೊಳಗೆ ಅಲ್ಲಿಂದ ಹೊರಬರುವುದು ಒಳ್ಳೆಯದು.

ಕತೆ ಕೇಳುವ ವಯಸ್ಸಿನ ಮಕ್ಕಳಿದ್ದರೆ ಬೆಳಕಿರುವಾಗಲೇ ಹೌಜ್ ಖಾಸ್ ಎನ್‌ಕ್ಲೇವ್‌ನ ಚೋರ್ ಮಿನಾರ್ ನೋಡಿ. ಮನೆಗಳ ನಡುವೆ, ಸಣ್ಣ ಹುಲ್ಲುಹಾಸಿನಲ್ಲಿ ನಿಂತ ಖಿಲ್ಜಿ ಕಾಲದ ಗೋಪುರ ಇದು. ಮೈತುಂಬ 225 ತೂತುಗಳು. ಕಳ್ಳರ ತಲೆ ಕಡಿದು ಈ ತೂತುಗಳಲ್ಲಿ ಸಿಕ್ಕಿಸುತ್ತಿದ್ದರಂತೆ ಎಂಬ ಪ್ರತೀತಿಯನ್ನು ಹತ್ತು ದಾಟಿದವರಿಗೆ ಹೇಳಬಹುದು. ಪುಟ್ಟವರಿಗೆ ಪಾರಿವಾಳದ ಗೂಡು ಎಂದರೆ ಸಾಕು. ಹತ್ತಿರದಲ್ಲೇ 1505ರ ಸುಮಾರಿನ ನೀಲಿ ಮಸೀದಿ ಇದೆ.

ಬೇರೆ ದಾರಿ ಬೇಕಿದ್ದರೆ ಹಳದಿ ಮಾರ್ಗದಲ್ಲಿ ಮೂರು ನಿಲ್ದಾಣ ಹಿಂದಕ್ಕೆ ಹೋಗಿ ದಿಲ್ಲಿ ಹಾಟ್–ಐಎನ್ಎಯಲ್ಲಿ ಇಳಿಯಿರಿ. 1994ರಲ್ಲಿ ಶುರುವಾದ ಈ ಕುಶಲಕರ್ಮಿಗಳ ಸಂತೆಗೆ ಪ್ರವೇಶ ಶುಲ್ಕ ಅಲ್ಪ, ಒಳಗೆ ವಾಹನಗಳಿಲ್ಲ, ಬೇರೆ ಬೇರೆ ರಾಜ್ಯಗಳ ಊಟದ ಮಳಿಗೆಗಳಿವೆ. ರಾತ್ರಿಯ ಊಟ ಅಲ್ಲೇ ಮುಗಿಸಿ ಎಂಟೂವರೆಗೆ ಕೋಣೆ ಸೇರಬಹುದು.

ಯಾವ ತಿಂಗಳು ಬರಬೇಕು

ಕರ್ನಾಟಕದ ಶಾಲೆಗಳ ರಜೆಗೆ ಹೊಂದಿಸಿಕೊಂಡು ಹೇಳುವುದಾದರೆ ದಸರಾ ರಜೆಯೇ ಉತ್ತಮ. ಮಳೆ ಹಿಂದಾಗಿರುತ್ತದೆ, ಚಳಿ ಬಂದಿರುವುದಿಲ್ಲ. ದೀಪಾವಳಿಯ ಆಸುಪಾಸಿನಿಂದ ನವೆಂಬರ್ ಪೂರ್ತಿ ಗಾಳಿ ಕೆಡುತ್ತದೆ. ಉಬ್ಬಸ, ಅಲರ್ಜಿ ಇರುವ ಮಕ್ಕಳನ್ನು ಆಗ ಕರೆತರಬೇಡಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್‌ನಲ್ಲಿ ಆ ದಿನದ ಗಾಳಿಯ ಗುಣಮಟ್ಟ ನೋಡಬಹುದು. ಕ್ರಿಸ್‌ಮಸ್ ರಜೆಯಲ್ಲಿ ಮಂಜಿನಿಂದ ರೈಲು, ವಿಮಾನ ತಡವಾಗುವುದು ಮಾಮೂಲು. ಮೊದಲ ದಿನಕ್ಕೆ ದುಬಾರಿ ಟಿಕೆಟ್ ಕಾಯ್ದಿರಿಸಬಾರದು ಎನ್ನಲು ಇದೂ ಒಂದು ಕಾರಣ. ಏಪ್ರಿಲ್–ಮೇ ರಜೆಯಲ್ಲಿ ಬರುವವರು ಬೆಳಗ್ಗೆ ಆರಕ್ಕೇ ಉದ್ಯಾನಕ್ಕೆ ಹೋಗಿ, ಒಂಬತ್ತಕ್ಕೆ ಸ್ಮಾರಕ ಮುಗಿಸಿ, ಸಂಜೆ ಐದರವರೆಗೆ ಹೊರಗೆ ತಲೆ ಹಾಕಬೇಡಿ. ಟೋಪಿ, ಓಆರ್‌ಎಸ್ ಪೊಟ್ಟಣ ಚೀಲದಲ್ಲಿರಲಿ.

ಮಳೆ ಹಿಡಿದುಕೊಂಡರೆ ಅಥವಾ ಬಿಸಿಲು ತಾಳಲಾಗದಿದ್ದರೆ ಚಾಣಕ್ಯಪುರಿಯ ರಾಷ್ಟ್ರೀಯ ರೈಲು ಸಂಗ್ರಹಾಲಯವಿದೆ. ಹಳೆಯ ಎಂಜಿನ್‌ಗಳು, 1907ರ ಪಟಿಯಾಲಾ ಮಾನೋರೈಲು, ಮಕ್ಕಳ ಪುಟಾಣಿ ರೈಲು ಎಲ್ಲ ಇರುವ ಜಾಗ, ಸೋಮವಾರ ರಜೆ. ಆ ಕಡೆಗೆ ಹೋಗುವಾಗ ಗುಲಾಬಿ ಮಾರ್ಗದಲ್ಲಿ ಒಂದು ನಿಲ್ದಾಣಕ್ಕೆ ಸರ್ ಎಂ. ವಿಶ್ವೇಶ್ವರಯ್ಯ ಮೋತಿ ಬಾಗ್ ಎಂದು ಹೆಸರಿದೆ. ಮುದ್ದೇನಹಳ್ಳಿಯ ಎಂಜಿನಿಯರನ ಹೆಸರನ್ನು ಮಕ್ಕಳು ಫಲಕದಲ್ಲಿ ಓದಲಿ.

ಮರುದಿನ ಯಾವ ಥೀಮ್ ಪಾರ್ಕ್?

ಹೌಜ್ ಖಾಸ್‌ನಿಂದ ಸುಲಭವಾಗಿ ಹೋಗಬಹುದಾದದ್ದು ನೋಯ್ಡಾದ ವರ್ಲ್ಡ್ಸ್ ಆಫ್ ವಂಡರ್. ಮೆಜೆಂಟಾ ಮಾರ್ಗದಲ್ಲಿ ಬೊಟಾನಿಕಲ್ ಗಾರ್ಡನ್‌ವರೆಗೆ ನೇರ ಹೋಗಿ, ನೀಲಿ ಮಾರ್ಗಕ್ಕೆ ಬದಲಾಯಿಸಿ ಮುಂದಿನ ನಿಲ್ದಾಣ ಸೆಕ್ಟರ್ 18ರಲ್ಲಿ ಇಳಿಯುವುದು. ಸವಾರಿಗಳ ಪಾರ್ಕೂ ವಾಟರ್ ಪಾರ್ಕೂ ಅಲ್ಲಿವೆ. ಎರಡನೆಯದು ರೋಹಿಣಿಯ ಅಡ್ವೆಂಚರ್ ಐಲ್ಯಾಂಡ್. ಹಳದಿ ಮಾರ್ಗದಲ್ಲಿ ಕಶ್ಮೀರೀ ಗೇಟ್, ಅಲ್ಲಿಂದ ಕೆಂಪು ಮಾರ್ಗದಲ್ಲಿ ರಿಠಾಲಾ. ನಗರವನ್ನು ಉದ್ದಕ್ಕೂ ದಾಟಬೇಕಾದ್ದರಿಂದ ಬೇಗ ಹೊರಡಿ. ಬಿಡದಿಯ ವಂಡರ್‌ಲಾ ನೋಡಿದ ಮಕ್ಕಳು ಹೋಲಿಕೆ ಶುರುಮಾಡುತ್ತಾರೆ. ಹೊರಡುವ ಮೊದಲೇ ಪಾರ್ಕ್‌ನ ಜಾಲತಾಣದಲ್ಲಿ ಸವಾರಿಗಳನ್ನು ತೋರಿಸಿದ್ದರೆ ನಿರಾಸೆ ತಪ್ಪುತ್ತದೆ.

ಸವಾರಿಗಳನ್ನು ಇಷ್ಟಪಡದವರಿಗೆ, ಖರ್ಚು ಕಡಿಮೆ ಇರಲಿ ಎನ್ನುವವರಿಗೆ ಸರಾಯ್ ಕಾಲೇ ಖಾನ್‌ನ ವೇಸ್ಟ್ ಟು ವಂಡರ್ ಪಾರ್ಕ್ ಇದೆ. 2019ರಲ್ಲಿ ತೆರೆದ ಇಲ್ಲಿ ತಾಜ್ ಮಹಲ್, ಐಫೆಲ್ ಗೋಪುರ, ಪೀಸಾದ ವಾಲುಗೋಪುರ ಮುಂತಾದ ಏಳು ಅದ್ಭುತಗಳನ್ನು ಗುಜರಿ ಕಬ್ಬಿಣದಿಂದ ಮಾಡಿದ್ದಾರೆ. ದೀಪ ಹತ್ತಿದ ಮೇಲೆ ನೋಡಲು ಚೆಂದ. ಇದೇ ಬಗೆಯ ಪಂಜಾಬಿ ಬಾಗ್‌ನ ಭಾರತ ದರ್ಶನ ಪಾರ್ಕ್‌ನಲ್ಲಿ ಮೈಸೂರು ಅರಮನೆಯೂ ಇದೆ.

ಹಿಂದಿನ ರಾತ್ರಿಯ ತಯಾರಿ

ದೊಡ್ಡ ಸವಾರಿಗಳಿಗೆ ಸೇರಿಸಿಕೊಳ್ಳುವುದು ಎತ್ತರ ನೋಡಿ, ವಯಸ್ಸು ನೋಡಿ ಅಲ್ಲ. ಊರಲ್ಲೇ ಮಕ್ಕಳ ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು ಬರೆದುಕೊಂಡು ಬನ್ನಿ. ಯಾವುದಕ್ಕೆ ಬಿಡುತ್ತಾರೆ, ಯಾವುದಕ್ಕೆ ಬಿಡುವುದಿಲ್ಲ ಎಂದು ಈ ರಾತ್ರಿಯೇ ಹೇಳಿದರೆ ನಾಳೆ ಸಾಲಿನ ತುದಿಯಲ್ಲಿ ಅಳು ಇರುವುದಿಲ್ಲ. ವಾಟರ್ ಪಾರ್ಕ್‌ಗೆ ಹತ್ತಿಯ ಬಟ್ಟೆ ಒಪ್ಪುವುದಿಲ್ಲ, ನೈಲಾನ್ ಉಡುಪು ಬೇಕು. ಊರಿನಿಂದಲೇ ತಂದರೆ ಬಾಡಿಗೆ ಉಳಿಯುತ್ತದೆ. ಡಿಸೆಂಬರ್–ಜನವರಿಯ ದೆಹಲಿ ಚಳಿಯಲ್ಲಿ ನೀರಿನ ಆಟದ ಯೋಚನೆಯನ್ನೇ ಬಿಡಿ.

ಹೊರಗಿನ ತಿಂಡಿಯನ್ನು ಇಂಥ ಪಾರ್ಕ್‌ಗಳು ಸಾಮಾನ್ಯವಾಗಿ ಒಳಬಿಡುವುದಿಲ್ಲ, ಹಾಗಾಗಿ ಬೆಳಗಿನ ತಿಂಡಿಯನ್ನು ಹೊಟ್ಟೆ ತುಂಬ ಮುಗಿಸಿ ಹೊರಡಿ. ಟಿಕೆಟನ್ನು ಆನ್‌ಲೈನ್‌ನಲ್ಲಿ ಕೊಳ್ಳುವುದಾದರೂ ಸಂಜೆ ಮಕ್ಕಳ ಮೈ ಮುಟ್ಟಿ ನೋಡಿ, ಜ್ವರ ನೆಗಡಿ ಇಲ್ಲವೆಂದು ಖಚಿತವಾದ ಮೇಲೆ ಕೊಳ್ಳಿ. ಎಲ್ಲರೂ ಚೆನ್ನಾಗಿದ್ದರೆ ಟಿಕೆಟ್ ಕೊಂಡು, ಒಂಬತ್ತಕ್ಕೆ ದೀಪ ಆರಿಸಿ. ಯಾರಾದರೂ ಸೋತಿದ್ದರೆ ಇನ್ನೊಂದು ಬೆಳಗ್ಗೆಯನ್ನು ಡಿಯರ್ ಪಾರ್ಕ್‌ಗೇ ಕೊಟ್ಟು ಥೀಮ್ ಪಾರ್ಕನ್ನು ಮೂರನೆಯ ದಿನಕ್ಕೆ ದೂಡಿ. ಕೊಳ್ಳದ ಟಿಕೆಟ್‌ಗೆ ನಷ್ಟವಿಲ್ಲ.